ಡೊರೊಥಿಯ ತಾಯಿಯ ಎಡಗಣ್ಣು

ದಾವಣಗೆರೆಯ ಫೋಟೋ ಸ್ಟುಡಿಯೋ ಒಂದರಲ್ಲಿ ರತ್ನಾ ಹದಿನಾರು ವರ್ಷ ನೆಗೆಟಿವ್ ತಿದ್ದಿದವಳು. ಮದುಮಕ್ಕಳ ಮೊಡವೆ, ಮುದುಕರ ಸುಕ್ಕು ಅವಳ ಕುಂಚದ ಕೆಳಗೆ ಮಾಯವಾಗುತ್ತಿದ್ದವು. ಗಂಡ ತಿಪ್ಪೇಸ್ವಾಮಿಗೆ ಆಕ್ಲೆಂಡಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ಆ ಊರಿನ ಹೆಂಡರ್ಸನ್ ಬಡಾವಣೆಗೆ ಬಂದ ಮೇಲೆ ಆ ಕೈ ಸುಮ್ಮನಾಯಿತು. ಹತ್ತಿರದ ಪುಟ್ಟ ಮ್ಯೂಸಿಯಂನವರು ಹಳೆಯ ಫೋಟೋ ನೋಡಿಕೊಳ್ಳಲು ಜನ ಬೇಕೆಂದಾಗ ತಾನಾಗಿ ಹೋದಳು.

೨೦೦೬ರ ಚಳಿಗಾಲದ ಒಂದು ಬೆಳಿಗ್ಗೆ ಎಂಬತ್ತೆಂಟು ವರ್ಷದ ಡೊರೊಥಿ ಅಲ್ಲಿಗೆ ಬಂದರು. ಕರವಸ್ತ್ರ ಬಿಚ್ಚಿ ಅಂಗೈಯಗಲದ ಗಾಜೊಂದನ್ನು ಮುಂದಿಟ್ಟರು. ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡ್. ಸಿನಿಮಾ ಬರುವ ಮೊದಲು ಇಂಗ್ಲೆಂಡಿನಲ್ಲಿ ನೆರೆಹೊರೆಯವರಿಗೇ ವೇಷ ಹಾಕಿಸಿ ಫೋಟೋ ತೆಗೆದು, ದೀಪದ ಬೆಳಕಿನಲ್ಲಿ ಪರದೆಗೆ ಬಿಟ್ಟು ಕಥೆ ಹೇಳುತ್ತಿದ್ದರು. ಇದರಲ್ಲಿ ಹರಕು ಲಂಗದ ಹುಡುಗಿಯೊಬ್ಬಳು ಕುಡುಕ ತಂದೆಯ ತೋಳು ಜಗ್ಗುತ್ತಿದ್ದಳು.

"ಅವಳು ನಮ್ಮಮ್ಮ, ಆಗ ಏಳು ವರ್ಷ. ಆ ಕುಡುಕ ಪಕ್ಕದ ಮನೆ ಬಡಗಿಯಂತೆ, ಒಂದು ತೊಟ್ಟು ಮುಟ್ಟಿದವನಲ್ಲ. ಅಮ್ಮ ಚಿಕ್ಕವಳಿದ್ದಾಗಿನ ಬೇರೆ ಫೋಟೋನೇ ಇಲ್ಲ."

ಅದು ಅಂಚಿಗೆ ಕಾಗದ ಸುತ್ತಿ ಜೋಡಿಸಿದ ಎರಡು ಗಾಜು. ಒಳಗೆ ತೇವ ಸೇರಿ, ಕೆಳಗಿನ ಗಾಜಿನ ಚಿತ್ರದ ಪದರ ಮೇಲಿನ ಗಾಜಿಗೆ ಅಂಟಿತ್ತು.

"ಬಿಚ್ಚದಿದ್ರೆ ಚಿತ್ರ ಕೊಳೆತುಹೋಗುತ್ತೆ. ಬಿಚ್ಚಿದ್ರೆ ಇವತ್ತೇ ಹೋಗಬಹುದು," ಎಂದಳು ರತ್ನಾ.

"ಬಿಚ್ಚು. ನಾನು ಇಲ್ಲೇ ಕೂತಿರ್ತೀನಿ."

ರತ್ನಾ ಅಂಚಿನ ಕಾಗದ ಕೊಯ್ದು, ತೆಳುವಾದ ಅಲಗನ್ನು ಗಾಜುಗಳ ನಡುವೆ ತೂರಿಸಿದಳು. ಕೂದಲೆಳೆಯಷ್ಟು ಸರಿಸುವುದು, ನಿಲ್ಲುವುದು. ಲಂಗ ಬಿಟ್ಟುಕೊಂಡಿತು. ಕೈ ಬಿಟ್ಟುಕೊಂಡಿತು. ಅಲಗು ಮುಖದ ಹತ್ತಿರ ಬಂತು. ಚಿಟ್ ಎಂದು ಸಣ್ಣ ಸದ್ದು. ಗಾಜು ಬೇರಾಯಿತು. ಹುಡುಗಿಯ ಎಡಗಣ್ಣು ಇದ್ದ ಜಾಗದಲ್ಲಿ ಬರೀ ಬೆಳಕು. ಕಣ್ಣು ಅಲಗಿನ ತುದಿಯಲ್ಲಿ ಪುಡಿಯಾಗಿತ್ತು.

ಮಂಜುಗಣ್ಣಿನ ಡೊರೊಥಿಗೆ ಅದು ಕಾಣಿಸಿರಲಿಲ್ಲ. ಮನೆಗೊಯ್ದು ಕಣ್ಣು ಬರೆದು ತಂದರೆ ಯಾರಿಗೂ ತಿಳಿಯದು. ಆ ಕೆಲಸ ತನಗೆ ಎಷ್ಟು ಸಲೀಸು ಎಂಬುದೇ ರತ್ನಾಳಿಗೆ ಹೆದರಿಕೆ ಹುಟ್ಟಿಸಿತು.

"ಎಡಗಣ್ಣು ಹೋಯ್ತು. ನನ್ನ ಕೈಯಲ್ಲೇ ಹೋಯ್ತು," ಎಂದಳು.

ಡೊರೊಥಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ರತ್ನಾ ತಲೆಯೆತ್ತಲಿಲ್ಲ.

"ನಿನಗೆ ಬರೆಯೋಕೆ ಬರುತ್ತಾ?"

"ಬರುತ್ತೆ. ಹಳೇ ಗಾಜು ಮುಟ್ಟಲ್ಲ, ಮೇಲೆ ಹೊಸ ಗಾಜಿಟ್ಟು ಅದರ ಮೇಲೆ ಬರೀತೀನಿ. ಬೇಡ ಅನ್ನಿಸಿದ್ರೆ ಅಳಿಸಬಹುದು."

"ಅಮ್ಮನ ಎಡಗಣ್ಣು ಕೊಂಚ ಸಣ್ಣದಿತ್ತು. ನನ್ನದೂ ಹಾಗೇ. ನೋಡ್ಕೊಂಡು ಬರಿ."

ಡೊರೊಥಿ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಂಡು, ಕನ್ನಡಕ ತೆಗೆದು, ಅಲುಗಾಡದೆ ಕುಳಿತರು. ಮೂರು ಸಲ ಬರೆದು ಅಳಿಸಿ, ನಾಲ್ಕನೆಯ ಸಲಕ್ಕೆ ರತ್ನಾ ಕುಂಚ ಕೆಳಗಿಟ್ಟಳು. ಅಂಚಿಗೆ ಹೊಸ ಕಾಗದ ಸುತ್ತಿ ಬರೆದಳು: 'ಎಡಗಣ್ಣು ಮಗಳದು, ೨೦೦೬.'