ಒಂಬತ್ತನೇ ಅಂಗಿಯ ಕೊರಳಪಟ್ಟಿ

ಸೋಮವಾರ, ಬೆಳಗಿನ ಐದು ಗಂಟೆ. ದ್ರೆನೊವಿಕ್ ಊರಿನ ಯಾಸೆನ್ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆಕೋಣೆಯಲ್ಲಿ ದೀಪ ಉರಿಯುತ್ತಿದೆ. ಅರವತ್ತೇಳರ ಯಾಗೊದಾ ಶಿಮುನಿಚ್ ಮೊಣಕೈವರೆಗೆ ತೋಳು ಮಡಚಿ ನಿಂತಿದ್ದಾರೆ. ಎದುರಿಗೆ ನಿನ್ನೆಯ ಪಂದ್ಯದ, ಬಿಳಿ ಕೊರಳಪಟ್ಟಿಯ ಹದಿನೆಂಟು ಹಸಿರು ಅಂಗಿ, ಹದಿನೆಂಟು ಬಿಳಿ ಚಡ್ಡಿ, ಮೂವತ್ತಾರು ಕಾಲುಚೀಲ. ಎಲ್ಲಕ್ಕೂ ಈ ಬಯಲಿನ ಕಪ್ಪು ಜೇಡಿಮಣ್ಣು ಮೆತ್ತಿದೆ. ನಿನ್ನೆ ಯಾಸೆನ್ ಮೂರು-ಸೊನ್ನೆಯಿಂದ ಸೋತಿದೆ.

"ಸೋತ ದಿನ ಮಣ್ಣು ಜಾಸ್ತಿ," ಎಂದು ಪತ್ರಿಕೆಯಿಂದ ಬಂದ ನಮಗೆ ಹೇಳುತ್ತಾರೆ. "ಗೆದ್ರೆ ಎದೆ ಸೆಟೆಸ್ಕೊಂಡು ಓಡ್ತಾರೆ, ಸೋತ್ರೆ ಎಮ್ಮೆ ಥರ ಬಿದ್ದು ಹೊರಳಾಡ್ತಾರೆ. ತೊಳೆಯೋಳು ನಾನಿದೀನಲ್ಲ!"

ಒಂದೊಂದೇ ಅಂಗಿಯನ್ನು ಎತ್ತಿ ಮೂಸುತ್ತಾರೆ. ಕೊರಳಪಟ್ಟಿಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಗೀಟು ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಯಾವ ನಂಬರನ್ನು ಯಾರು ಹಾಕಿದ್ದರು, ಎಲ್ಲಿ ಹರಿದಿದೆ, ಕಲೆ ರಕ್ತದ್ದೋ ಹುಲ್ಲಿನದ್ದೋ. ಪುಟದ ಕೆಳಗೆ ಪಂದ್ಯದ ಫಲಿತಾಂಶ. ಬರೆದಾದ ಮೇಲಷ್ಟೇ ನೀರಿಗೆ. ಯಂತ್ರವಿದೆ, ಆದರೆ ಕೊರಳಪಟ್ಟಿಯನ್ನು ಇವರು ಯಂತ್ರಕ್ಕೆ ಬಿಟ್ಟುಕೊಡುವುದಿಲ್ಲ. ಕಲೆ ತೆಗೆಯುವ ಹಸುವಿನ ಪಿತ್ತದ ಸಾಬೂನು ತಿಕ್ಕಿ ಬ್ರಶ್ಶಿನಲ್ಲೇ ಉಜ್ಜಬೇಕು, ಕೊನೆಯ ನೀರಿಗೆ ಒಂದು ಲೋಟ ವಿನೆಗರ್ ಹಾಕಬೇಕು. ಪಕ್ಕದ ಮರದ ಮಿಲ್ಲು ಎಂಟಕ್ಕೆ ಶುರುವಾಗುತ್ತದೆ. ಅದರ ಧೂಳು ಏಳುವ ಮೊದಲು ಬಟ್ಟೆ ನೀರು ಬಸಿದು ಒಳಗೆ ಬರಬೇಕೆಂದೇ ಈ ಐದು ಗಂಟೆಯ ಲೆಕ್ಕ. ಚಿಕ್ಕ ಹುಡುಗರ ಎರಡು ತಂಡಗಳದ್ದೂ ಸೇರಿದರೆ ವಾರಕ್ಕೆ ಐವತ್ತಕ್ಕೂ ಹೆಚ್ಚು ಜೊತೆ ಬಟ್ಟೆ ಇವರ ಕೈ ದಾಟುತ್ತದೆ. ಆಟಗಾರರೆಲ್ಲ ಇವರನ್ನು 'ಅತ್ತೆ' ಎನ್ನುತ್ತಾರೆ.

ಯಾಸೆನ್‌ಗೆ ಈ ವರ್ಷ ನೂರು ತುಂಬುತ್ತದೆ. ೧೯೨೬ರಲ್ಲಿ ಅದೇ ಮಿಲ್ಲಿನ ಕೂಲಿಗಳು ಕಟ್ಟಿದ ಕ್ಲಬ್ಬು ಮೊದಲ ಪಂದ್ಯವನ್ನು ಒಂದು-ಒಂಬತ್ತರಿಂದ ಸೋತಿತ್ತು. ಅತಿ ದೊಡ್ಡ ಗೆಲುವಿನ ವರ್ಷ ೧೯೮೬-೮೭: ಇಪ್ಪತ್ತಾರು ಪಂದ್ಯಗಳಲ್ಲಿ ಹತ್ತೊಂಬತ್ತು ಗೆದ್ದು ಮೇಲಿನ ಲೀಗಿಗೆ ಏರಿತು, ಮರುವರ್ಷವೇ ಜಾರಿ ಕೆಳಗೆ ಬಂತು. ಒಮ್ಮೆ ರಾಜಧಾನಿಯ ದೊಡ್ಡ ತಂಡವೊಂದು ಕಪ್ ಪಂದ್ಯಕ್ಕೆ ಇಲ್ಲಿಗೇ ಬಂದು ಎಂಟು ಗೋಲು ಹೊಡೆದು ಹೋಯಿತು. ಆದರೆ ಊರಿನವರು ಹೇಳುವುದು ಆ ಎಂಟರ ಕಥೆಯಲ್ಲ, ಯಾಸೆನ್‌ನ ಒಂದು ಚೆಂಡು ಕಂಬಕ್ಕೆ ಬಡಿದ ಕಥೆ. ಆ ಕಂಬವನ್ನು ಕಿತ್ತು ತಂದು ಕ್ಲಬ್ಬಿನ ಹಜಾರದಲ್ಲಿ ನಿಲ್ಲಿಸಿದ್ದಾರೆ! ಕಂಬಕ್ಕೆ ಸಿಕ್ಕ ಮರ್ಯಾದೆ ಯಾಗೊದಾರಿಗೆ ಸಿಕ್ಕಿಲ್ಲ. ನಲವತ್ತೆರಡು ವರ್ಷ ದುಡಿದರೂ ಗೋಡೆಯ ಮೇಲಿನ ಒಂದು ಫೋಟೋದಲ್ಲೂ ಅವರಿಲ್ಲ.

ತೊಂಬತ್ತರ ದಶಕದ ಯುದ್ಧದ ವರ್ಷ ಕ್ಲಬ್ಬಿನ ಕಚೇರಿಗೆ ಬೆಂಕಿ ಬಿದ್ದು ಕಾಗದಪತ್ರವೆಲ್ಲ ಸುಟ್ಟುಹೋಯಿತು. ಬಟ್ಟೆಕೋಣೆ ಮೂವತ್ತು ಹೆಜ್ಜೆ ಆಚೆಗಿತ್ತು, ಉಳಿಯಿತು. ಯಾಗೊದಾ ಅಂಗಿಗಳನ್ನು ಆಲೂಗಡ್ಡೆ ಮೂಟೆಗೆ ತುಂಬಿ ತಂಗಿಯ ಮನೆಯ ನೆಲಮಾಳಿಗೆಗೆ ಸಾಗಿಸಿದರು. ಆ ವರ್ಷದ ನೋಟ್‌ಬುಕ್ ಇಲ್ಲ. "ಒಗೆಯೋಕೆ ಏನಿತ್ತು?" ಎಂದು ಕೇಳುತ್ತಾರೆ. ಮಿಕ್ಕ ನಲವತ್ತೊಂದು ವರ್ಷಕ್ಕೆ ನಲವತ್ತೊಂದು ನೋಟ್‌ಬುಕ್ ಇವೆ. ಎಲ್ಲವನ್ನೂ ಕೆಟ್ಟುಹೋದ ಹಳೇ ವಾಷಿಂಗ್ ಮಷೀನಿನ ಹೊಟ್ಟೆಯಲ್ಲಿ ಜೋಡಿಸಿಟ್ಟಿದ್ದಾರೆ.

ಆದರೆ ಊರಿಗೆ ಗೊತ್ತಿರುವುದು ನಲವತ್ತು. ೧೯೮೮ರದ್ದನ್ನು ಇಲಿ ತಿಂದಿದೆ ಎಂದು ಯಾಗೊದಾ ಹೇಳಿಬಿಟ್ಟಿದ್ದಾರೆ.

ಇಲಿ ತಿಂದಿಲ್ಲ. ಅದನ್ನು ಬಚ್ಚಿಡಿಸಿದ್ದು ಹೊಟ್ಟೆಕಿಚ್ಚು. ಆ ಕಿಚ್ಚಿಗೆ ಒಂದು ಹೆಸರಿದೆ, ನೆವೆಂಕಾ.

ಯಾಗೊದಾರ ಗಂಡ ಆಂತುನ್ ಯಾಸೆನ್‌ನ ಒಂಬತ್ತನೇ ನಂಬರಿನ ಆಟಗಾರ. ನೆವೆಂಕಾಳ ಗಂಡ ವಿಂಕೊ ಹತ್ತನೇ ನಂಬರು. ಇಬ್ಬರೂ ಒಂದೇ ಕಾಲದಲ್ಲಿ ಮುಂದೆ ನಿಂತು ಗೋಲು ಹೊಡೆದವರು. ವಿಂಕೊ ಹೊಡೆದರೆ ನೋಡುವವರ ಬಾಯಿ ತೆರೆದೇ ಇರುತ್ತಿತ್ತು. ಆಂತುನ್ ಮೊಣಕಾಲಿನಲ್ಲಿ, ಬೆನ್ನಿನಲ್ಲಿ, ಒಮ್ಮೆ ಕಿವಿಯಲ್ಲೂ ಗೋಲು ತಳ್ಳಿದವನು. ಪತ್ರಿಕೆಯಲ್ಲಿ ಬಂದ ಚಿತ್ರ ವಿಂಕೊನದು. ವರ್ಷದ ಆಟಗಾರನಿಗೆ ಕೊಡುವ ಕುಲೆನ್, ಹೊಗೆಯಲ್ಲಿ ಒಣಗಿಸಿದ ಖಾರದ ಮಾಂಸದ ಉಂಡೆ, ನಾಲ್ಕು ಸಲ ತೂಗಿದ್ದು ನೆವೆಂಕಾಳ ಅಡುಗೆಮನೆಯಲ್ಲಿ. ಯಾಗೊದಾರ ಮನೆಯ ಕೊಕ್ಕೆಗೆ ಆ ಭಾಗ್ಯ ಒಮ್ಮೆಯೂ ಬರಲಿಲ್ಲ.

"ಅವಳು ಬಿಳೀ ಕೋಟು ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂರೋಳು. ನಾನು ಬಕೆಟ್ ಹಿಡ್ಕೊಂಡು ಅವಳ ಮುಂದೇನೇ ಹಾಯ್ಬೇಕು. 'ಪಾಪ, ಯಾಗೊದಾ, ಸುಸ್ತಾಯ್ತಾ?' ಅನ್ನೋಳು. ಆ 'ಪಾಪ' ಇದ್ಯಲ್ಲ, ಮೈಯೆಲ್ಲಾ ಉರಿದು ಹೋಗೋದು ನಂಗೆ," ಎನ್ನುತ್ತ ಯಾಗೊದಾ ಬ್ರಶ್ಶನ್ನು ಇನ್ನಷ್ಟು ಜೋರಾಗಿ ಉಜ್ಜುತ್ತಾರೆ.

ಉರಿಗೆ ತುಪ್ಪ ಸುರಿದದ್ದು ಎಣ್ಣೆ. ನೆವೆಂಕಾಳದ್ದು ತಲೆಗೂದಲು ಕತ್ತರಿಸುವ ಅಂಗಡಿ. ಹಸಿ ಅಕ್ರೋಟದ ಸಿಪ್ಪೆ ಹಾಕಿ ಎಣ್ಣೆ ಕಾಯಿಸಿ, ಪ್ರತಿ ಪಂದ್ಯಕ್ಕೂ ಮುಂಚೆ ತಾನೇ ಗಂಡನ ತಲೆಗೆ ತಿಕ್ಕಿ ಬಾಚಿ ಕಳಿಸುತ್ತಿದ್ದಳು. ಕೂದಲು ಕಪ್ಪಗೆ ಮಿಂಚುತ್ತಿತ್ತು. ಬೆವರಿನ ಜೊತೆ ಅದೇ ಎಣ್ಣೆ ಇಳಿದು ಅಂಗಿಯ ಕೊರಳಪಟ್ಟಿಗೆ ಕಂದು ಕಲೆ ಹಿಡಿಸುತ್ತಿತ್ತು. ಇಡೀ ತಂಡದಲ್ಲಿ ಆ ಎಣ್ಣೆ ಹಚ್ಚುತ್ತಿದ್ದವನು ವಿಂಕೊ ಒಬ್ಬನೇ. "ಬಾಚಿ ಮುದ್ದು ಮಾಡೋಳು ಅವಳು, ಉಜ್ಜಿ ಸಾಯೋಳು ನಾನು. ಹನ್ನೊಂದು ವರ್ಷ ಉಜ್ಜಿದೀನಿ. ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗೆ!"

ಇಷ್ಟೆಲ್ಲದರ ನಡುವೆ ಯಾಗೊದಾ ಪಾಲಿಗೆ ಉಳಿದದ್ದು ಒಂದೇ ಒಂದು ಗೋಲು. ಲೆಕ್ಕದಲ್ಲಿ ಆಂತುನ್‌ನದು ನೂರ ನಲವತ್ತೆಂಟು, ವಿಂಕೊನದು ನೂರ ನಲವತ್ತೇಳು. ಕ್ಲಬ್ಬಿನ ನೂರು ವರ್ಷಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಯಾಗೊದಾರ ಗಂಡ. ಈ ವಸಂತದಲ್ಲಿ ಆ ಹೆಸರನ್ನು ಓಕ್ ಹಲಗೆಯ ಮೇಲೆ ಬರೆಸಿ ಹಜಾರದಲ್ಲಿ ತೂಗುಹಾಕಲಿದ್ದಾರೆ.

ಆ ಒಂದು ಗೋಲಿಗೇ ಜಗಳ. ೧೯೮೮ರ ಅಕ್ಟೋಬರ್ ಹದಿನಾರು, ಪಕ್ಕದ ಸ್ತಾರಾ ಗ್ರೆದಾ ಊರಿನ ಮೇಲೆ ಪಂದ್ಯ. ಎಪ್ಪತ್ತೊಂದನೇ ನಿಮಿಷದಲ್ಲಿ ಗೋಲು ಬಿತ್ತು. ಹೊಡೆದದ್ದು ಒಂಬತ್ತನೇ ನಂಬರು ಎಂದು ರೆಫ್ರಿ ಬರೆದುಕೊಂಡ. ಒಂಬತ್ತು ಎಂದರೆ ಆಂತುನ್. ಆದರೆ ಯಾಸೆನ್‌ನಲ್ಲಿ ಹಿಂದಿನಿಂದ ಒಂದು ನಂಬಿಕೆ ಇದೆ. ಗೋಲು ಬತ್ತಿಹೋದವನು ಅರ್ಧ ಆಟ ಮುಗಿದಾಗ ಗೋಲು ಹೊಡೆಯುತ್ತಿರುವವನ ಅಂಗಿ ಕೇಳಿ ಹಾಕಿಕೊಳ್ಳಬೇಕು, ಆಗ ಕಾಲು ತಿರುಗುತ್ತದೆ. ನಿಯಮಕ್ಕೆ ವಿರುದ್ಧವಾದ್ದರಿಂದ ರೆಫ್ರಿಗೆ ಯಾರೂ ಹೇಳುವುದಿಲ್ಲ. ವಿಂಕೊಗೆ ಆಗ ಐದು ಭಾನುವಾರದಿಂದ ಗೋಲಿರಲಿಲ್ಲ. ತಾನು ಆಂತುನ್‌ನ ಅಂಗಿ ಹಾಕಿಕೊಂಡದ್ದು ಅದೇ ಪಂದ್ಯದಲ್ಲಿ, ಗೋಲು ತನ್ನದೇ ಎಂದು ಅವನು ಇಂದಿಗೂ ಹೇಳುತ್ತಾನೆ.

"ಅದು ಬೇರೆ ಪಂದ್ಯ ಮಾರಾಯ," ಎನ್ನುತ್ತಾನೆ ಆಂತುನ್, ವೈನಿಗೆ ಸೋಡಾ ಬೆರೆಸುತ್ತ. "ಕಾಗದ ನೋಡ್ಕೋ ಹೋಗು."

"ಕಾಗದಕ್ಕೆ ಕಾಲಿದ್ಯೇನೋ ಗೋಲು ಹೊಡೆಯೋಕೆ?" ಎನ್ನುತ್ತಾನೆ ವಿಂಕೊ. ಮೂವತ್ತೆಂಟು ವರ್ಷದಿಂದ ಇದೇ ಮಾತು.

ಈ ಜಗಳವನ್ನು ಮುಗಿಸಬಲ್ಲದ್ದು ಒಂದೇ ಒಂದು ನೋಟ್‌ಬುಕ್. ಅದು ಯಾಗೊದಾರಿಗೆ ಗೊತ್ತು. ಉಗುಳಲಾಗದ ನುಂಗಲಾಗದ ಬಿಸಿತುಪ್ಪ.

ಊರಿನ ನಿವೃತ್ತ ಅಂಚೆಯವನು ಜೂರೊ ನೂರು ವರ್ಷದ ಪುಸ್ತಕ ಬರೆಯುತ್ತಿದ್ದಾನೆ. ರೆಫ್ರಿಗಳ ಹಾಳೆಗಳ ಪ್ರತಿಗಳು ಜಿಲ್ಲಾ ಫುಟ್‌ಬಾಲ್ ಸಂಘದಲ್ಲಿ ಉಳಿದಿದ್ದವು, ಅವನ್ನೇ ನಕಲು ಮಾಡಿಕೊಂಡು ಬಂದಿದ್ದಾನೆ. ೧೯೮೮ರ ನೋಟ್‌ಬುಕ್ ಕೇಳಿಕೊಂಡು ಮೂರು ಸಲ ಬಟ್ಟೆಕೋಣೆಗೆ ಬಂದ. ಮೂರು ಸಲವೂ ಯಾಗೊದಾ ಇಲಿಯ ಮೇಲೆ ಹಾಕಿದರು. ಅವನ ಮೇಲೂ ಇವರಿಗೆ ಕಣ್ಣುರಿ ಇಲ್ಲದಿಲ್ಲ. ಹಾಳೆ ನಕಲು ಮಾಡಿದವನಿಗೆ ಪತ್ರಿಕೆಯಲ್ಲಿ ಅರ್ಧ ಪುಟ, ಕೈತುಂಬ ಹೂವು. "ಒಂದೇ ಒಂದು ಕಾಲುಚೀಲ ಹಿಂಡಿದೋನಲ್ಲ," ಎನ್ನುತ್ತಾರೆ.

ಶುಕ್ರವಾರ ಸಂಜೆ ಆರಕ್ಕೆ ಹಜಾರದಲ್ಲಿ ಸಭೆ. ಹೊರಗೆ ದೊಡ್ಡ ಹಂಡೆಯಲ್ಲಿ ಕೆಂಪು ಮೆಣಸಿನ ಮಾಂಸದ ಸಾರು ಕುದಿಯುತ್ತಿದೆ, ಸೌಟು ಯಾಗೊದಾ ಕೈಯಲ್ಲಿ. ಬಾಗಿಲು ತೆರೆದೇ ಇದೆ. ಒಳಗೆ ಅರವತ್ತು ಜನ. ಮುಂದಿನ ಬೆಂಚಿನಲ್ಲಿ ನೆವೆಂಕಾ, ಈಗಲೂ ಬಿಳಿ ಕೋಟು. ಪಕ್ಕದಲ್ಲಿ ಕೋಲು ಹಿಡಿದ ವಿಂಕೊ. ಆಂತುನ್ ಆಗಲೇ ಖಾಲಿ ಹಲಗೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದಾನೆ. ಜೂರೊ ಕನ್ನಡಕ ಏರಿಸಿ ತನ್ನ ಪುಸ್ತಕ ಓದುತ್ತಿದ್ದಾನೆ.

"ಅಕ್ಟೋಬರ್ ಹದಿನಾರರ ಪಂದ್ಯಕ್ಕೆ ನಂಬಬಹುದಾದ ದಾಖಲೆ ರೆಫ್ರಿಯ ಹಾಳೆ ಒಂದೇ," ಎಂದು ಓದಿ ತಲೆ ಎತ್ತುತ್ತಾನೆ. "ಒಗೆತದ ಚೀಟಿಗಳೂ ಇದ್ವಂತೆ. ಅವನ್ನ ಇಲಿಗಳು ಓದಿ ಮುಗಿಸಿವೆ. ಪರವಾಗಿಲ್ಲ ಬಿಡಿ, ಅವಕ್ಕೆ ತಕ್ಕ ಓದುಗರೇ ಸಿಕ್ರು!"

ಹಜಾರ ಗೊಳ್ಳೆಂದು ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಆಂತುನ್. ನಗದೆ ಕೂತವರು ಇಬ್ಬರೇ, ವಿಂಕೊ ಮತ್ತು ನೆವೆಂಕಾ.

ಯಾಗೊದಾ ಸೌಟನ್ನು ಹಂಡೆಯಲ್ಲೇ ಬಿಡುತ್ತಾರೆ. ಮೂವತ್ತು ಹೆಜ್ಜೆ ಹೋಗುತ್ತಾರೆ, ಮೂವತ್ತು ಹೆಜ್ಜೆ ಬರುತ್ತಾರೆ. ಕೈಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್. ಒಂದು ಮೂಲೆಯೂ ಕಡಿದಿಲ್ಲ.

"ಜೂರೊ, ಚೀಟಿ ಅಂದ್ಯಲ್ಲ, ನೋಡಿಲ್ಲಿ."

ಆಂತುನ್‌ನ ನಗು ನಿಂತುಹೋಗುತ್ತದೆ. "ಯಾಗೊದಾ, ಸಾರು ತಳ ಹಿಡಿಯತ್ತೆ, ಹೋಗು."

"ಹಿಡೀಲಿ."

"ಲೇ, ನನ್ನ ಮರ್ಯಾದೆ..."

"ನಿನ್ನ ಮರ್ಯಾದೆ ಮೂವತ್ತೆಂಟು ವರ್ಷ ಕಾದಿದೀನಿ. ಈಗ ನನ್ನ ಪುಸ್ತಕಕ್ಕೆ ನೀನೇ ನಕ್ಯಲ್ಲೋ!"

ಪುಟ ತೆರೆದು ಓದತೊಡಗುತ್ತಾರೆ. ಮೊದಲು ದನಿ ಗಟ್ಟಿಯಾಗಿಯೇ ಇದೆ. "ಹದಿನಾರು ಅಕ್ಟೋಬರ್. ಸ್ತಾರಾ ಗ್ರೆದಾ ಮೇಲೆ ಎರಡು-ಒಂದು, ಗೆದ್ದಿದೀವಿ. ಹತ್ತನೇ ಅಂಗಿ: ಕೊರಳಪಟ್ಟಿಗೆ ವಿಂಕೊನ ತಲೆಎಣ್ಣೆ. ಒಂಬತ್ತನೇ ಅಂಗಿ: ಅದರ ಕೊರಳಪಟ್ಟಿಗೂ ವಿಂಕೊನ ತಲೆಎಣ್ಣೆ. ಅರ್ಧದಲ್ಲಿ ಅದಲುಬದಲು ಮಾಡ್ಕೊಂಡಿದಾರೆ." ಅಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಿದ್ದಕ್ಕೆ ಕಾರಣವಿದೆ. ಆ ಪುಟವನ್ನು ಬಚ್ಚಿಟ್ಟದ್ದು ಗೋಲಿನ ಸಲುವಾಗಿ ಮಾತ್ರವಲ್ಲ.

"ಇನ್ನೂ ಒಂದು ಸಾಲು ಇರೋ ಹಾಗಿದೆ," ಎನ್ನುತ್ತಾನೆ ಇಣುಕಿ ನೋಡಿದ ಜೂರೊ.

ಯಾಗೊದಾ ಮುಖ ಕೆಂಪಗಾಗುತ್ತದೆ. ಆದರೂ ಓದುತ್ತಾರೆ. "ಎರಡು ಅಂಗೀನೂ ಮೂರು ಸಲ ಉಜ್ಜಿದೆ, ಹೋಗಲಿಲ್ಲ. ನೆವೆಂಕಾಳ ಕೈ ಸೇದಿಹೋಗಲಿ. ಅವಳ ಕೂದಲೆಲ್ಲ ಉದುರಿ ಬೋಳಾಗಲಿ."

ವಿಂಕೊ ಕೋಲಿನ ಹಿಡಿಗೆ ಹಣೆ ಒತ್ತಿಕೊಂಡಿದ್ದಾನೆ, ಅಳುವಿಗೆ ಹೆಗಲು ಅಲುಗುತ್ತಿದೆ. ನೆವೆಂಕಾ ಎದ್ದು ಬಂದು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಆ ಸಾಲನ್ನು ತಾನೇ ಇನ್ನೊಮ್ಮೆ ಓದುತ್ತಾಳೆ.

"ನಂಗೆ ಬಟ್ಟೆಕೋಣೆ ಒಳಗೆ ಬಿಡ್ತಿರ್ಲಿಲ್ಲ," ಎನ್ನುತ್ತಾಳೆ. "ಸೋತಾಗ ವಿಂಕೊ ಒಳಗೆ ಕೂತು ಅಳ್ತಿದ್ನಂತೆ. ಅದನ್ನ ನೋಡಿದ್ದು ನೀನು. ಮನೆಗೆ ಬರೋ ಹೊತ್ತಿಗೆ ನಗ್ತಾ ಬರೋನು. ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತೇನೇ? ಅದಕ್ಕೇ 'ಪಾಪ' ಅಂತಿದ್ದೆ." ಮೂಗು ಒರೆಸಿಕೊಂಡು ಕೇಳುತ್ತಾಳೆ, "ಇದೊಂದೇ ಸಲ ಬೈದಿರೋದಾ?"

"ಇನ್ನೂ ನಲವತ್ತು ಪುಸ್ತಕ ಇದಾವೆ," ಎನ್ನುತ್ತಾರೆ ಯಾಗೊದಾ. "ಕೂತ್ಕೋ."

ಅಂದು ಸಾರು ತಳ ಹಿಡಿದೇ ಹಿಡಿಯಿತು. ಯಾರೂ ದೂರಲಿಲ್ಲ.

ಮುಂದಿನ ಸೋಮವಾರ, ಮತ್ತೆ ಐದು ಗಂಟೆ. ಹಜಾರದ ಹಲಗೆಯ ಮೇಲೆ ಬಣ್ಣ ಇನ್ನೂ ಹಸಿಯಾಗಿದೆ: ವಿಂಕೊ ನೂರ ನಲವತ್ತೆಂಟು, ಆಂತುನ್ ನೂರ ನಲವತ್ತೇಳು. ಆಂತುನ್ ಶನಿವಾರವಿಡೀ ಹೆಂಡತಿಯ ಜೊತೆ ಮಾತಾಡಲಿಲ್ಲ, ಭಾನುವಾರ ಕಾಲುಚೀಲ ಸಿಗದೆ ಮಾತಾಡಿದ. ಜೂರೊ ತನ್ನ ಪುಸ್ತಕದ ಆ ಪುಟವನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದಾನೆ. ದಿನವೂ ಬಟ್ಟೆಕೋಣೆಯ ಬಾಗಿಲಲ್ಲಿ ಬಂದು ನಿಂತು, ಇನ್ನೊಂದು ನೋಟ್‌ಬುಕ್ ಕೊಡು ಎನ್ನುತ್ತಾನೆ. ಇಲ್ಲೇ ಸ್ಟೂಲಿನ ಮೇಲೆ ಕೂತು ಓದಿಕೋ, ಮನೆಗೆ ಒಯ್ಯುವಂತಿಲ್ಲ ಎಂದು ಇವರು ಹೇಳಿದ್ದಾರೆ.

ಹೊಟ್ಟೆಕಿಚ್ಚು ಆರಿತೇ? ಯಾಗೊದಾ ಅಂಗಿ ಹಿಂಡುತ್ತ ಯೋಚಿಸುತ್ತಾರೆ. "ಎಲ್ಲಿಂದ! ನಿನ್ನೆ ಪಂದ್ಯಕ್ಕೆ ಹೊಸಾ ಕೋಟು ಹಾಕ್ಕೊಂಡು ಬಂದಿದ್ಲು. ನೀಲಿ. ಚೆನ್ನಾಗೂ ಇತ್ತು, ಅವಳ ಮನೆ ಹಾಳಾಗ." ಅಂಗಿಯನ್ನು ಕೊಡವಿ ತಂತಿಗೆ ಹಾಕುತ್ತಾರೆ. ಒಂಬತ್ತನೇ ನಂಬರು. ಕೊರಳಪಟ್ಟಿ ಹಾಲಿನಂತೆ ಬೆಳ್ಳಗಿದೆ.

ಫೋಟೋ ಬೇಡ ಎನ್ನುತ್ತಾರೆ. ಹಲಗೆಯ ಮೇಲೆ ಹೆಸರೂ ಬೇಡವಂತೆ. ಪತ್ರಿಕೆಯಲ್ಲಿ ಒಂದು ಮಾತು ಮಾತ್ರ ತಪ್ಪದೆ ಬರಬೇಕಂತೆ. ಅದನ್ನು ಹೇಳುವಾಗ ಬ್ರಶ್ಶನ್ನು ಕೆಳಗಿಡುತ್ತಾರೆ.

"ಇಲಿ ಅಂದಿದ್ದು ಸುಳ್ಳು ಅಂತ ಬರ್ಕೊಳ್ಳಿ. ನಲವತ್ತೆರಡು ವರ್ಷದಲ್ಲಿ ನನ್ನ ಬಟ್ಟೆಕೋಣೇಲಿ ಒಂದೇ ಒಂದು ಇಲಿ ಇರ್ಲಿಲ್ಲ."