ಕಳಿಸಿದವರ ಸಂಖ್ಯೆಯಿಲ್ಲದ ಚೀಟಿಗಳು

ಸಾಲ್ತೋ ಊರಿನ ರೇಡಿಯೊದಲ್ಲಿ ಭಾನುವಾರ ಮಧ್ಯಾಹ್ನ ಮೊದಲು ಸತ್ತವರ ಹೆಸರು ಓದುತ್ತಿದ್ದರು, ಆಮೇಲೆ ಒಂಟಿಗಳ ಕುಣಿತ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು. ಎರಡಕ್ಕೂ ಅದೇ ದನಿ. ನಡುವೆ ಒಂದು ಸೋಪಿನ ಜಾಹೀರಾತು. ಮೊದಲ ಪಟ್ಟಿಯಲ್ಲಿ ಹೆಂಡತಿಯ ಹೆಸರು ಕೇಳಿಸಿಕೊಂಡ ಗಂಡಸು ವರ್ಷ ತುಂಬುವುದರೊಳಗೆ ಎರಡನೆಯದಕ್ಕೂ ಕಿವಿಗೊಡಲು ಶುರುಮಾಡುತ್ತಿದ್ದ. ಹೆಂಗಸರು ಇನ್ನೊಂದು ವರ್ಷ ತಡೆಯುತ್ತಿದ್ದರು. ದುಃಖ ಹೆಚ್ಚೆಂದಲ್ಲ, ಅಕ್ಕಪಕ್ಕದವರ ಬಾಯಿಗೆ ಹೆದರಿ.

ಕುಣಿತ ನಡೆಯುತ್ತಿದ್ದದ್ದು ರೈಲು ನಿಲ್ದಾಣದ ಹಿಂದಿನ ಹಳೇ ಕ್ಲಬ್ಬಿನಲ್ಲಿ. ನಾಲ್ಕಕ್ಕೆ ಶುರು, ಎಂಟಕ್ಕೆ ಮುಕ್ತಾಯ. ಮಂಡಿನೋವಿನವರಿಗೆ ಅಷ್ಟು ಸಾಕು. ಬಾಗಿಲಲ್ಲಿ ಚೆಲಾ ಎಂಬ ಗಟ್ಟಿಗಿತ್ತಿ ಟಿಕೆಟು ಹರಿದು, ಬಂದವರ ಎದೆಗೆ ಸಂಖ್ಯೆ ಬರೆದ ರಟ್ಟಿನ ಬಿಲ್ಲೆ ಚುಚ್ಚುತ್ತಿದ್ದಳು. ಹೆಸರು ಕೇಳುವ ಪದ್ಧತಿ ಇರಲಿಲ್ಲ. ಯಾರಾದರೂ ಮನಸ್ಸಿಗೆ ಬಂದರೆ ಎಲ್ಲರೆದುರು ಎದ್ದುಹೋಗಿ ಮಾತಾಡಿಸುವ ಧೈರ್ಯ ಐವತ್ತು ದಾಟಿದವರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಅಲ್ಲೊಂದು ಅಂಚೆ ಇತ್ತು. ಪ್ರತಿ ಮೇಜಿನ ಮೇಲೂ ಚೀಟಿಗಳ ಕಟ್ಟು, ಮೊಂಡು ಪೆನ್ಸಿಲ್ಲು. ಚೀಟಿಯಲ್ಲಿ ‘ಯಾರಿಗೆ’, ‘ಯಾರಿಂದ’ ಎಂದು ಎರಡು ಖಾಲಿ ಜಾಗ. ಸಂಖ್ಯೆ ತುಂಬಿ, ಎರಡು ಸಾಲು ಗೀಚಿ, ಮಡಿಸಿ ಕೈ ಎತ್ತಿದರೆ ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡ ಅಂಚೆಯವಳು ಬಂದು ಒಯ್ಯುತ್ತಿದ್ದಳು. ಆ ಅಂಚೆಯವಳೇ ಎಲ್ಬಿಯಾ ತಬಾರೆಸ್.

ಎಲ್ಬಿಯಾಳ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಬಹಳ ಇರಲಿಲ್ಲ. ಹದಿನಾರಕ್ಕೆ ಕಿತ್ತಳೆಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ತಂಗಿಯರಿಬ್ಬರೂ ಮದುವೆಯಾಗಿ ಹೋದರು. ತಾಯಿ ಹಾಸಿಗೆ ಹಿಡಿದಳು, ಹಿಡಿದವಳು ಹದಿನಾಲ್ಕು ವರ್ಷ ಬಿಡಲಿಲ್ಲ. ಆ ತಾಯಿ ಸತ್ತ ಮೇಲೆ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಎಲ್ಬಿಯಾ ನೀಲಿ ಉಡುಪು ಹೊಲಿಸಿಕೊಂಡು ಮೊದಲ ಸಲ ಈ ಕ್ಲಬ್ಬಿಗೆ ಬಂದಳು. ಮೂರೂವರೆ ಗಂಟೆಯ ಕಾಲ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಬ್ಬನೂ ಅತ್ತ ತಿರುಗಲಿಲ್ಲ. ಇನ್ನೇನು ಏಳಬೇಕು, ಅಷ್ಟರಲ್ಲಿ ಆಗಿನ ಅಂಚೆಯ ಮುದುಕ ಕಾಸಿಲ್ದೋ ಬಂದು ಅವಳ ಮುಂದೆ ಒಂದು ಚೀಟಿ ಇಟ್ಟ. ‘ನಿಮ್ಮ ನೀಲಿ ಉಡುಪು ನಿಮಗೆ ಬಹಳ ಒಪ್ಪುತ್ತದೆ.’ ಯಾರಿಂದ ಎಂಬಲ್ಲಿ ಸಂಖ್ಯೆ ಇರಲಿಲ್ಲ. ಆ ವಾರವೆಲ್ಲ ಶೆಡ್ಡಿನಲ್ಲಿ ಎಲ್ಬಿಯಾಳ ಕೈಯಿಂದ ಕಿತ್ತಳೆ ಜಾರಿ ಬೀಳುತ್ತಿದ್ದವು.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ನೀರು ಕುಡಿಯಲೆಂದು ಕ್ಲಬ್ಬಿನ ಅಡುಗೆಮನೆಗೆ ಹೋದಳು. ಕಾಸಿಲ್ದೋ ಒಲೆಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದ: ‘ನಿಮ್ಮ ಹಸಿರು ಉಡುಪು ನಿಮಗೆ ಬಹಳ ಒಪ್ಪುತ್ತದೆ.’

“ಬರಿಗೈಲಿ ಯಾರ್ನೂ ಮನೆಗೆ ಕಳಿಸಬಾರ್ದು ಮಗಳೇ,” ಅಂದ ಮುದುಕ, ತಲೆ ಎತ್ತದೆ. “ನಮ್ಮಪ್ಪನ ಕಾಲದಿಂದ ಹಿಂಗೇ. ಹಳಬರಿಗೆಲ್ಲ ಗೊತ್ತು. ಸಿಕ್ಕಿದೋರಿಗೆ ಮಾತ್ರ ಗೊತ್ತಿರಲ್ಲ.”

ಎಲ್ಬಿಯಾ ಹಿತ್ತಲಿಗೆ ಹೋಗಿ ಗೋಡೆಗೊರಗಿ ಅತ್ತಳು. ಕನಿಕರಕ್ಕೆ ಇಷ್ಟು ಉರಿ ಇರುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಆದರೂ ಮುಂದಿನ ವರ್ಷ ಕಾಸಿಲ್ದೋ ತೀರಿಕೊಂಡಾಗ ಚೀಲವನ್ನು ಅವಳೇ ಕೇಳಿ ತೆಗೆದುಕೊಂಡಳು. ಅಂಚೆಯವರಿಗೆ ಬಿಲ್ಲೆ ಚುಚ್ಚುವುದಿಲ್ಲ. ಬಿಲ್ಲೆ ಇಲ್ಲದಿದ್ದರೆ ಚೀಟಿ ಬರುವುದಿಲ್ಲ, ಚೀಟಿ ಬರಲಿಲ್ಲವೆಂಬ ಸಂಕಟವೂ ಇಲ್ಲ. ಹೀಗೆ ಲೆಕ್ಕ ಹಾಕಿದಳು ಪುಣ್ಯಾತ್ಗಿತ್ತಿ, ಹತ್ತೊಂಬತ್ತು ವರ್ಷ ಅದೇ ಲೆಕ್ಕದಲ್ಲಿ ಕಳೆದಳು. ಬರಿಗೈಯವರಿಗೆ ತಾನೂ ಬರೆದಳು, ಕಾಸಿಲ್ದೋ ಬರೆದದ್ದನ್ನೇ, ಬಣ್ಣವೊಂದನ್ನು ಬದಲಿಸಿ.

ಆ ಹತ್ತೊಂಬತ್ತನೆಯ ವರ್ಷ ಮಾರ್ಚಿನಲ್ಲಿ, ಅಲ್ಲಿಯ ಶರತ್ಕಾಲ ಬಂದು ಎಲೆ ಉದುರಲು ಶುರುವಾದಾಗ, ಮೂವತ್ತೊಂದನೆಯ ಬಿಲ್ಲೆ ಚುಚ್ಚಿಸಿಕೊಂಡು ದಾರ್ದೊ ಎಚೆನಿಕೆ ಬಂದ. ನದಿಯ ಆಚೆ ದಡಕ್ಕೆ ಲಾಂಚು ನಡೆಸುತ್ತಿದ್ದವನು, ನಿವೃತ್ತ. ಹೆಂಡತಿ ನಿಲ್ಸಾ ತೀರಿಕೊಂಡು ಹದಿಮೂರು ತಿಂಗಳಾಗಿತ್ತು. ಮೂಲೆಯ ಮೇಜಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಏಳೂವರೆಯಾದರೂ ಅವನಿಗೊಂದು ಚೀಟಿ ಬರಲಿಲ್ಲ. ಎಲ್ಬಿಯಾ ಅಡುಗೆಮನೆಗೆ ಹೋಗಿ ಪೆನ್ಸಿಲು ಹಿಡಿದಳು. ಬಣ್ಣ ನೆನಪಿಸಿಕೊಳ್ಳಲು ನೋಡಿದಳು. ಅಂಗಿ ಯಾವ ಬಣ್ಣದ್ದೋ ತೋಚಲೇ ಇಲ್ಲ. ‘ಟೋಪಿ ಮಂಡಿಯ ಮೇಲಿದೆ, ಕಣ್ಣು ಬಾಗಿಲ ಮೇಲಿದೆ. ಹೋಗಬೇಡಿ, ಮುಂದಿನ ವಾರವೂ ಬನ್ನಿ’ ಎಂದು ಬರೆದಳು.

ಅವನು ಬಂದ. ಬಂದವನು ಮಡಿಸಿದ ಚೀಟಿಯೊಂದನ್ನು ಅವಳ ಕೈಗಿಟ್ಟ.

“ಯಾರು ಕೊಟ್ಟಿದ್ರೋ ಅವರಿಗೇ ಮುಟ್ಟಿಸಿ ಎಲ್ಬಿಯಾ. ಹೆಸರು ಕೇಳಲ್ಲ. ಅಂಚೆಯವರು ಹೇಳೋ ಹಾಗಿಲ್ವಂತೆ.”

“ಹೇಳೋ ಹಾಗಿಲ್ಲ ದೋನ್ ದಾರ್ದೊ,” ಅಂದಳು ಎಲ್ಬಿಯಾ, ಹೆಸರಿಗೆ ಮರ್ಯಾದೆಯ ‘ದೋನ್’ ಸೇರಿಸಿ.

ಅಲ್ಲಿಂದ ಶುರುವಾಯಿತು. ಹಾಸಿಗೆಯ ಬಲಭಾಗದಲ್ಲಿ ಮಲಗಿದರೆ ತನಗೆ ನಿದ್ದೆ ಬರುವುದಿಲ್ಲ, ಅದು ನಿಲ್ಸಾಳ ಜಾಗ ಎಂದು ಅವನು ಬರೆದ. ಪುಚೇರೊ ಸಾರು ಎಷ್ಟೇ ಕಮ್ಮಿ ಬೇಯಿಸಿದರೂ ನಾಲ್ಕು ಜನಕ್ಕಾಗುತ್ತದೆ, ಮಿಕ್ಕಿದ ಮಾಂಸ ನಾಯಿಗೆ, ಮಿಕ್ಕಿದ ತರಕಾರಿ ನಾಯಿಗೂ ಬೇಡ ಎಂದು ಬರೆದ. ಎರಡು ಮೂಳೆ, ಅರ್ಧ ಜೋಳದ ತೆನೆ, ಒಂದು ಹೋಳು ಕುಂಬಳಕಾಯಿ ಸಾಕು, ಚಿಕ್ಕ ಪಾತ್ರೆ ಕೊಳ್ಳಿ, ದೊಡ್ಡದನ್ನು ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿ ಎಂದು ಅವಳು ಬರೆದಳು. ತನ್ನ ತಾಯಿಯ ಪಾತ್ರೆಯನ್ನೂ ಹಾಗೇ ಮಾಡಿದ್ದೆನೆಂದು ಬರೆದು, ಅದನ್ನು ಅಳಿಸಿ, ಮತ್ತೆ ಬರೆದಳು. ಸೋಮವಾರದಿಂದ ಶನಿವಾರದವರೆಗೆ ಕಿತ್ತಳೆ ಆರಿಸುತ್ತ ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದಳು. ಐವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡಿ ಒರೆಸಿ ಮುಖ ನೋಡಿಕೊಂಡಳು. ಹೇಳಲು ನಾಚಿಕೆಯೇನು, ಅವಳಿಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತ್ತು.

ಚೀಟಿ ಇಸಿದುಕೊಳ್ಳುವಾಗ ದಾರ್ದೊ ಅವಳ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಹೆಗಲು ದಾಟಿ ಹೆಂಗಸರ ಮೇಜುಗಳ ಕಡೆ ಓಡುತ್ತಿತ್ತು.

ಮೇ ತಿಂಗಳ ಒಂದು ದಿನ ಅವನು ದನಿ ತಗ್ಗಿಸಿ ಕೇಳಿದ. “ಎಲ್ಬಿಯಾ, ಒಂದ್ ಮಾತು. ಆ ಕಡೆ ಮೇಜಿನೋರು ನಗ್ತಾ ಇದ್ರು. ಹಿಂದೆ ಕಾಸಿಲ್ದೋ ಅಂತ ಇದ್ನಂತೆ, ಚೀಟಿ ಬರದೇ ಇರೋರಿಗೆ ತಾನೇ ಬರೀತಿದ್ನಂತೆ. ನಿಜಾನಾ?”

“ನಿಜ. ಅದು ಅವನ ಕಾಲಕ್ಕೇ ಮುಗೀತು.”

“ನೀವು ಬರೆಯಲ್ಲ?”

“ನನಗೆಲ್ಲಿ ಪುರುಸೊತ್ತು ದೋನ್ ದಾರ್ದೊ? ಇದ್ದಿದ್ದನ್ನ ಹಂಚೋಕೇ ಕಾಲು ಬಿದ್ದುಹೋಗತ್ತೆ.”

ಅವನ ಮುಖ ಅರಳಿತು. ಆ ಅರಳಿದ ಮುಖ ನೋಡಿ ಎಲ್ಬಿಯಾಳಿಗೂ ಹಿಗ್ಗಾಯಿತು. ಸುಳ್ಳು ಹೇಳಿದ್ದು ಅವಳಿಗೆ ಸುಳ್ಳೆಂದೇ ಅನಿಸಲಿಲ್ಲ. ಅವನಿಗೆ ಬರೆದದ್ದು ಬರಿಗೈಯವರ ಚೀಟಿ ಅಲ್ಲವಲ್ಲ.

ಜುಲೈ ಮೊದಲ ಭಾನುವಾರ ಅವನು ಕೊಟ್ಟ ಚೀಟಿಯನ್ನು ಅವಳು ಅಡುಗೆಮನೆಯಲ್ಲಿ ನಿಂತು ಓದಿದಳು. ‘ಮಗಳು ಮೊಂತೆವಿದೆಯೊಗೆ ಕರೆಯುತ್ತಿದ್ದಾಳೆ. ಮನೆ ಕೇಳಿಕೊಂಡು ಜನ ಬಂದಿದ್ದಾರೆ. ಮುಂದಿನ ಭಾನುವಾರ ನಿಮ್ಮ ಸಂಖ್ಯೆ ಬರೆದು ಕಳಿಸಿ. ಕಳಿಸಿದರೆ ಮನೆ ಕೊಡುವುದಿಲ್ಲ. ಕಳಿಸದಿದ್ದರೆ ಬುಧವಾರದ ಬಸ್ಸಿಗೆ ಹೊರಡುತ್ತೇನೆ. ಈ ವಯಸ್ಸಿನಲ್ಲಿ ಕಾಯಲು ಆಗುವುದಿಲ್ಲ, ಕ್ಷಮಿಸಿ.’

ಎಲ್ಬಿಯಾ ಅದನ್ನು ಚೆಲಾಗೆ ತೋರಿಸಿದಳು. ಚೆಲಾ ಎರಡು ಸಲ ಓದಿ, ಮೂಗಿನ ಮೇಲಿದ್ದ ಕನ್ನಡಕ ತೆಗೆದಳು.

“ಅಯ್ಯೋ ಹುಚ್ಚಿ! ಇದನ್ನ ಇಲ್ಲೀ ತಂಕ ಬೆಳೆಸಿದ್ಯಾ?”

“ಮುಂದಿನ ವಾರ ಚೀಲ ನೀನು ಹಾಕ್ಕೋ ಚೆಲಾ. ನಾನು ಟಿಕೆಟ್ ತಗೊಂಡು ಕೂರ್ತೀನಿ.”

“ಬೇಡ ಕಣೆ. ಬೇರೆ ಯಾರಾದ್ರೂ ಆಗಿದ್ರೆ ನಡೀತಿತ್ತು. ನೀನು ಅಂಚೆಯವಳು. ನೀನು ಬರೆದ್ರೆ ಅದು ಕನಿಕರಕ್ಕೆ ಅಂತ ಈ ಕ್ಲಬ್ಬಲ್ಲಿ ಎಲ್ರಿಗೂ ಗೊತ್ತು.”

“ಅವರಿಗೆ ಬರೆದಿದ್ದು ಅದಲ್ಲ.”

“ನಂಗೊತ್ತು. ಅವನಿಗೆ ಹೆಂಗೆ ಗೊತ್ತಾಗ್ಬೇಕು?”

ಪ್ರೀತಿ ಬಂದವರಿಗೆ ಬುದ್ಧಿ ಹೇಳಿ ಗೆದ್ದವರು ಸಾಲ್ತೋದಲ್ಲಿ ಯಾರಿದ್ದಾರೆ? ಚೆಲಾ ಗೊಣಗುತ್ತಲೇ ಒಪ್ಪಿದಳು.

ಆ ಭಾನುವಾರ ಬೆಳಗಿನಿಂದ ಮಳೆ. ಮಳೆ ಬಂದರೆ ಊರಿಗೆ ಊರೇ ತೋರ್ತಾ ಎಂಬ ಹಿಟ್ಟಿನ ರೊಟ್ಟಿ ಕರಿಯುತ್ತದೆ. ಕ್ಲಬ್ಬಿನ ಅಡುಗೆಮನೆಯಿಂದಲೂ ಕಾದ ಕೊಬ್ಬಿನ ವಾಸನೆ ಬರುತ್ತಿತ್ತು. ಎಲ್ಬಿಯಾ ಹಳೇ ನೀಲಿ ಉಡುಪನ್ನು ಎರಡೂ ಪಕ್ಕ ಬಿಚ್ಚಿ ಅಗಲ ಮಾಡಿಸಿ ಹಾಕಿಕೊಂಡು ಬಂದಿದ್ದಳು. ಚೆಲಾ ನಲವತ್ತಾರನೆಯ ಬಿಲ್ಲೆ ಚುಚ್ಚಿದಳು.

ದಾರ್ದೊ ನಾಲ್ಕೂಕಾಲಿಗೆ ಬಂದ. ಇಸ್ತ್ರಿ ಮಾಡಿದ ಕೋಟು, ಹೊಸದಾಗಿ ಕತ್ತರಿಸಿದ ಕೂದಲು. ಎಲ್ಬಿಯಾಳನ್ನು ನೋಡಿ ನಕ್ಕ.

“ಏನ್ರೀ ಎಲ್ಬಿಯಾ, ಇವತ್ತು ನೀವೂ ಗಿರಾಕಿನಾ? ಒಳ್ಳೇದಾಯ್ತು. ಪಾಪ, ಎಷ್ಟು ದಿನ ಅಂತ ಬೇರೆಯೋರದ್ದೇ ಹೊರ್ತೀರ.”

ಎಂದವನೇ ತನ್ನ ಮೂಲೆಗೆ ಹೋಗಿ ಕೂತು ಕ್ಲಬ್ಬನ್ನೆಲ್ಲ ಕಣ್ಣಲ್ಲಿ ಹುಡುಕತೊಡಗಿದ. ಐದಾಯಿತು. ಎಲ್ಬಿಯಾಳ ಮುಂದೆ ಚೀಟಿಗಳ ಕಟ್ಟಿತ್ತು, ಪೆನ್ಸಿಲಿತ್ತು. ಯಾರಿಗೆ: ಮೂವತ್ತೊಂದು. ಯಾರಿಂದ: ನಲವತ್ತಾರು. ಅಷ್ಟು ಬರೆದರೆ ಮುಗಿಯುತ್ತಿತ್ತು. ಸಾವಿರಾರು ಚೀಟಿ ಹೊತ್ತ ಹೆಂಗಸಿಗೆ ‘ಯಾರಿಂದ’ ಎಂಬಲ್ಲಿ ಸಂಖ್ಯೆ ತುಂಬಲು ಕೈ ಏಳಲಿಲ್ಲ. ಆರಾಯಿತು. ದಾರ್ದೊ ಎರಡು ಸಲ ಚೆಲಾಳನ್ನು ಕರೆದು ಏನೋ ಕೇಳಿದ, ಚೆಲಾ ಎರಡು ಸಲವೂ ತಲೆಯಲ್ಲಾಡಿಸಿದಳು. ಆರೂವರೆಗೆ ಅವನು ಟೋಪಿ ಹಿಡಿದು ಎದ್ದ. ಬಾಗಿಲಿಗೆ ಹೋಗುತ್ತ ಅವಳ ಮೇಜಿನ ಬಳಿ ನಿಂತ.

“ಅವರು ಇವತ್ತು ಬಂದೇ ಇಲ್ಲ ಎಲ್ಬಿಯಾ. ಅಥವಾ ಬಂದು, ನನ್ನ ನೋಡಿ, ಬೇಡ ಅಂದ್ಕೊಂಡ್ರೋ ಏನೋ. ಮುಂದೆ ಸಿಕ್ಕಿದ್ರೆ ಹೇಳಿ, ಕಾದಿದ್ದೆ ಅಂತ.”

“ಬಂದಿದ್ದಾರೆ,” ಅಂದಳು ಎಲ್ಬಿಯಾ.

“ಎಲ್ಲಿ?”

“ಕೂತ್ಕೊಳ್ಳಿ ದೋನ್ ದಾರ್ದೊ. ನಾನೇ.”

ಅವನು ಕೂತ. ವಾದ್ಯದವರು ವಾಲ್ಟ್ಸ್ ನುಡಿಸುತ್ತಿದ್ದರು. ಟೋಪಿಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡ. ಸಿಟ್ಟು ಬಂದಿದ್ದರೆ ಎಲ್ಬಿಯಾ ಸಹಿಸುತ್ತಿದ್ದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಆ ಮುಖವನ್ನು ಅವಳು ಒಮ್ಮೆ ನೋಡಿದ್ದಳು, ಇಪ್ಪತ್ತು ವರ್ಷದ ಕೆಳಗೆ, ಕ್ಲಬ್ಬಿನ ಕೈತೊಳೆಯುವ ಜಾಗದ ಕನ್ನಡಿಯಲ್ಲಿ.

“ಅಂದ್ರೆ ಯಾರೂ ಬರೀಲೇ ಇಲ್ಲ ಅನ್ನಿ,” ಅಂದ ದಾರ್ದೊ.

“ನಾನು ಬರೆದೆ.”

“ನೀವು ಎಲ್ರಿಗೂ ಬರೀತೀರ.”

“ಮೊದಲನೇದು ಹಾಗೇ ಅಂತ ಪೆನ್ಸಿಲ್ ಹಿಡಿದೆ, ಒಪ್ಕೋತೀನಿ. ಆಮೇಲಿಂದು ಹಾಗಲ್ಲ. ಬೇರೆಯೋರಿಗೆ ಬಟ್ಟೆ ಬಣ್ಣ ಬರೀತೀನಿ, ಅಷ್ಟೇ. ನಿಮ್ಮ ಬಟ್ಟೆ ಬಣ್ಣ ಯಾವತ್ತಾದ್ರೂ ಬರೆದಿದ್ದೀನಾ? ನೋಡಿ ಬೇಕಾದ್ರೆ.”

“ಎಲ್ಲಾ ಇಟ್ಕೊಂಡಿದ್ದೀನಿ,” ಅಂದ ಅವನು. “ಹದಿನಾರು. ಮಗಳಿಗೆ ಫೋನಲ್ಲಿ ಓದಿ ಹೇಳಿದ್ದೀನಿ. ಒಬ್ರು ನನ್ನ ಮೆಚ್ಚಿಕೊಂಡಿದ್ದಾರೆ ಕಣಮ್ಮ ಅಂತ.” ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ. “ಮೇ ತಿಂಗಳಲ್ಲಿ ಕೇಳಿದೆನಲ್ಲ ನಿಮ್ಮನ್ನ. ಮುಖ ನೋಡಿಕೊಂಡು ಇಲ್ಲ ಅಂದ್ರಿ.”

“ಹೇಳಿದ್ರೆ ನೀವು ಹೊರಟುಹೋಗ್ತಿದ್ರಿ.”

“ಈಗ?”

ದಾರ್ದೊ ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ. ಪಿನ್ನು ಚುಚ್ಚದಿರಲೆಂದು ಅದನ್ನು ಮುಚ್ಚಿಯೇ ಇಟ್ಟ, ಅಂಥ ಮನುಷ್ಯ. “ನೀವು ಒಳ್ಳೆಯವರು ಎಲ್ಬಿಯಾ. ಬಹಳ ಒಳ್ಳೆಯವರು,” ಅಂದ. ಮಳೆಯಲ್ಲೇ ಹೊರಟುಹೋದ, ಬುಧವಾರದ ಬಸ್ಸನ್ನೂ ಹಿಡಿದ.

ಬೈದಿದ್ದರೆ ಅವಳು ವರ್ಷದೊಳಗೆ ಮರೆಯುತ್ತಿದ್ದಳೇನೋ. ಒಳ್ಳೆಯವರು ಎಂಬ ಮಾತನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಡಿದಳು.

ಮುಂದಿನ ಭಾನುವಾರ ಚೀಲ ಮತ್ತೆ ಅವಳ ಹೆಗಲಿಗೇ ಬಂತು. ಚೆಲಾ ತೋರ್ತಾಗೆ ಸಕ್ಕರೆ ಉದುರಿಸಿ ಕೊಟ್ಟಳು. ಎಲ್ಬಿಯಾ ಚೀಟಿಗಳನ್ನು ಒಯ್ದಳು, ತಂದಳು, ಒಂದೂ ತಪ್ಪಲಿಲ್ಲ. ಗೋಡೆಯ ಪಕ್ಕದ ಮೇಜಿನಲ್ಲಿ ಹೊಸಬಳೊಬ್ಬಳು, ಹನ್ನೆರಡನೆಯ ಸಂಖ್ಯೆಯವಳು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ನಾಲ್ಕರಿಂದ ಕೂತಿದ್ದಳು. ಕಂದು ಬಣ್ಣದ ಉಡುಪು. ಏಳೂವರೆಗೆ ಎಲ್ಬಿಯಾ ಅಡುಗೆಮನೆಗೆ ಹೋದಳು, ಪೆನ್ಸಿಲು ಕೈಗೆ ತೆಗೆದುಕೊಂಡಳು, ಒಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. ಪೆನ್ಸಿಲನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ಎಂಟಕ್ಕೆ ಕುಣಿತ ಮುಗಿದು ದೊಡ್ಡ ದೀಪ ಹತ್ತಿಸಿದಾಗ ಹನ್ನೆರಡನೆಯವಳು ಬಾಗಿಲ ಬಳಿ ಹಿಂಜರಿಯುತ್ತ ನಿಂತಳು.

“ನನಗೇನೂ ಬಂದಿಲ್ವಾ?”

“ಇಲ್ಲಮ್ಮ,” ಅಂದಳು ಎಲ್ಬಿಯಾ. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಹೊಸಬಳು ಬಿಲ್ಲೆ ಬಿಚ್ಚಿ ಕೊಟ್ಟು ಹೋದಳು.