ಸಣ್ಣ ಪಿನ್ನು, ಮೂರು ಪಾವು ಉಪ್ಪು

ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದೊಡನೆ ಸಾಸಿವೆಯ ಘಾಟು ಮೂಗಿಗೆ ಬಡಿಯಿತು. ನನಗೆ ಚಾರ್ಜರ್ ನೆನಪಾಯಿತು. ನಗಬೇಡಿ, ಕಾರಣವಿದೆ.

ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ತಂದ ಮಾವಿನಕಾಯಿಯನ್ನು ಅಕ್ಕ ಬೆಳಿಗ್ಗೆಯೇ ಹೆಚ್ಚಿಟ್ಟಿದ್ದಳು. ಒಂದು ಬುಟ್ಟಿ ಹೋಳಿಗೆ ಉಪ್ಪು ಎರಡು ಪಾವು ಎಂದು ನಾನು, ಮೂರು ಎಂದು ಅವಳು. ಇಬ್ಬರೂ ಹೇಳುತ್ತಿದ್ದುದು ತೀರಿಹೋದ ದೊಡ್ಡಮ್ಮನ ಅಳತೆಯನ್ನೇ. ನನ್ನ ಕಡೆಗೆ, ಅವಳು ಹೇಳುವಾಗಲೇ ಬರೆದುಕೊಂಡ ಡೈರಿಯ ಸಾಕ್ಷಿಯಿತ್ತು. ನನ್ನ ಅಕ್ಷರವನ್ನು ನಾನು ನಂಬುವಷ್ಟು ಇನ್ಯಾರೂ ನಂಬುವುದಿಲ್ಲ.

“ನಿನ್ನ ಎರಡು ಪಾವು ನಂಬಿ ಮೂರು ವರ್ಷ ಬೂಷ್ಟು ತಿಂದಿದ್ದೀವಿ ಕಣೋ. ದೊಡ್ಡಮ್ಮ ಹೇಳಿದ್ದನ್ನ ಹಳೇ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ಯಲ್ಲ, ಹಾಕು ಕೇಳೋಣ. ಸಾಯಂಕಾಲದೊಳಗೆ ಉಪ್ಪು ಬೀಳ್ದಿದ್ರೆ ಹೋಳೆಲ್ಲ ತಿಪ್ಪೆಗೆ,” ಎಂದಳು ಅಕ್ಕ.

ಫೋನು ಸಿಕ್ಕಿತು, ಚಾರ್ಜರ್ ಸಿಗಲಿಲ್ಲ. ಡ್ರಾಯರಿನಲ್ಲಿ ಚಪ್ಪಟೆ ಪಿನ್ನು, ಅಗಲ ಪಿನ್ನು, ಹೇಗೆ ತಿರುಗಿಸಿದರೂ ಹೋಗುವ ಪಿನ್ನು ಎಲ್ಲ ಇದ್ದವು; ಬೇಕಾಗಿದ್ದ ಸಣ್ಣ ದುಂಡು ಪಿನ್ನೊಂದಿಲ್ಲ. ಆ ಫೋನಿನ ಸ್ಪೀಕರ್ ಹಿಂದೆಯೇ ಕೆಟ್ಟಿತ್ತು. ಇಯರ್‌ಫೋನಿನ ತೂತೂ ಮಾಮೂಲಿಗಿಂತ ಸಣ್ಣದು. ನನ್ನ ಹೊಸ ಫೋನಿಗಂತೂ ದುಂಡು ತೂತೇ ಇಲ್ಲ. ಒಂದೊಂದು ಪಂಗಡಕ್ಕೆ ಒಂದೊಂದು ನಾಮ ಇದ್ದ ಹಾಗೆ ಒಂದೊಂದು ಕಂಪನಿಗೆ ಒಂದೊಂದು ತೂತು. ಮಡಿಯೂ ಅಷ್ಟೇ ಬಿಗಿ.

ಮುಳಬಾಗಿಲಿನ ನಮ್ಮ ಮನೆಯಿಂದ ಬಸ್ಸು ಹಿಡಿದು ನಂಗಲಿಗೆ ಓಡಿದೆ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ರಾಮಣ್ಣ, ಲಾರಿಯವರು ಬಿಟ್ಟುಹೋದ ಚಾರ್ಜರುಗಳನ್ನು ತೋರಣದಂತೆ ನೇತುಹಾಕಿರುತ್ತಾನೆ. ಅಲ್ಲಿ ದುಡ್ಡು ನಡೆಯದು. ಒಂದು ತೆಗೆದವರು ಇನ್ನೊಂದು ನೇತುಹಾಕಬೇಕು.

“ಏಂ ಸಾರ್, ಮ್ಯೂಸಿಯಂ ಇಟ್ಟಿದ್ದೀರಾ?” ಎಂದು ಹಳೇ ಫೋನನ್ನು ತಿರುಗಿಸಿ ನೋಡುತ್ತಲೇ ಅವನು ಸಣ್ಣ ಪಿನ್ನಿನ ಚಾರ್ಜರನ್ನೂ, ಒಂದೇ ಕಿವಿ ಉಳಿದಿದ್ದ ಇಯರ್‌ಫೋನನ್ನೂ ಹುಡುಕಿ ಕೊಟ್ಟ. “ಎರಡು ತಗೊಂಡ್ರಿ, ಎರಡು ಬಿಡಿ.”

ಚೀಲದಲ್ಲಿದ್ದ ಹೊಸ ಫೋನಿನ ಚಾರ್ಜರ್, ಇಯರ್‌ಫೋನ್ ಎರಡನ್ನೂ ಅಲ್ಲೇ ಬಿಟ್ಟು ಬಂದೆ.

ಹಳೆಯ ಫೋನಿಗೆ ಜೀವ ಬಂತು. ಒಂದೇ ಕಿವಿಯ ಇಯರ್‌ಫೋನು, ಅದೂ ನನ್ನ ಕಿವಿಯಲ್ಲಿ. ದೊಡ್ಡಮ್ಮ ಕೆಮ್ಮಿ, ಅಕ್ಕನಿಗೆ ಹೇಳುತ್ತಿದ್ದಳು: “ಮೂರು ಪಾವು ಕಣೇ. ನಿನ್ನ ತಮ್ಮ ಎರಡು ಅಂತ ಬರ್ಕೊಳ್ತಿದ್ದಾನೆ ನೋಡು. ಹೋಗ್ಲಿ ಬಿಡು, ಓದಿದೋನು.”

“ಏನಂದ್ಳೋ?” ಎಂದಳು ಅಕ್ಕ. ಬುಟ್ಟಿಯ ಹೋಳು ಆಗಲೇ ನೀರು ಬಿಡುತ್ತಿತ್ತು. ನಾನು ಎರಡು ಎಂದುಬಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ಇಯರ್‌ಫೋನನ್ನು ನಾನಾಗಿಯೇ ತೆಗೆದು ಅವಳ ಕೈಗಿಟ್ಟೆ. ಅವಳು ಕೇಳಿಸಿಕೊಂಡಳು, ಮೂರು ಪಾವು ಸುರಿದಳು, ಸೆರಗಿಗೆ ಕೈ ಒರೆಸಿಕೊಂಡು ಇನ್ನೊಮ್ಮೆ ಕೇಳಿದಳು.

ಈಗ ಜಾಡಿಯಲ್ಲಿ ಎಳೆಯಷ್ಟೂ ಬೂಷ್ಟಿಲ್ಲ. ಆದರೆ ಈಗಷ್ಟೇ ಈ ಕಥೆ ಕೇಳಿದ ಅಕ್ಕ, “ಕೈಗಿಟ್ಯಾ? ನಾನೇ ಅಲ್ವೇನೋ ನಿನ್ನ ಕಿವಿಯಿಂದ ಕಿತ್ಕೊಂಡಿದ್ದು!” ಎನ್ನುತ್ತಾಳೆ. ಅದನ್ನು ಯಾರೂ ರೆಕಾರ್ಡ್ ಮಾಡಿಲ್ಲ. ಇವತ್ತಿನ ಡೈರಿಯಲ್ಲಿ ಅವಳು ಹೇಳಿದಂತೆಯೇ ಬರೆದೆ.